ಗೋವೆಯ ಹಾದಿಯಲ್ಲಿ ಇಳಿದವರು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯನ್ನು ದಾಟಿ ಉತ್ತರಕ್ಕೆ ಏಳೆಂಟು ಕಿಲೋಮೀಟರು ನಡೆದರೆ ಕಾಕತಿ ಸಿಗುತ್ತದೆ. ಸಿಗುತ್ತದೆ ಎನ್ನುವುದು ಎತ್ತಿನ ಗಾಡಿಯ ಕಾಲದ ಮಾತು. ಈಗಿನ ಮೋಟಾರಿನ ವೇಗಕ್ಕೆ ಅದು ಸಿಗುವುದಕ್ಕಿಂತ ತಪ್ಪಿಹೋಗುವುದೇ ಹೆಚ್ಚು. ಊರ ಬೆನ್ನಿಗೊಂದು ಗುಡ್ಡ, ಅದರ ಮೇಲೆ ಹಳೆಯ ಕೋಟೆಯ ಕುಸಿದ ಗೋಡೆಗಳು, ಕೆಳಗೆ ಸಿದ್ಧೇಶ್ವರನ ಗುಡಿ. 1778ರ ಅಕ್ಟೋಬರ್ 23ರಂದು ಈ ಊರಿನ ದೇಸಾಯರ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಅದೇ ಮಗು ಮುಂದೆ ಕಿತ್ತೂರಿಗೆ ಸೊಸೆಯಾಗಿ ಹೋಗಿ ರಾಣಿ ಚೆನ್ನಮ್ಮನೆಂದು ಲೋಕವಿಖ್ಯಾತವಾಯಿತು. ಗಂಡನ ಊರಿನ ಹೆಸರು ಹೆಸರಿನ ಹಿಂದೆ ನಿಂತು ತವರಿನ ಹೆಸರು ಮರೆಗೆ ಸರಿಯುವುದು ಹೆಣ್ಣುಮಕ್ಕಳ ಪಾಲಿಗೆ ಹೊಸ ಸಂಗತಿಯೇನಲ್ಲ.

ಬೆಂಗಳೂರಿನ ಕುಟುಂಬಗಳಿಗೆ ಬೆಳಗಾವಿಯೆಂದರೆ ಗೋವೆಗೆ ಹೋಗುವಾಗ ಹತ್ತು ನಿಮಿಷ ನಿಂತು ಕುಂದಾ ಕಟ್ಟಿಸಿಕೊಳ್ಳುವ ಜಾಗ. ಅಲ್ಲಿಂದ ಮುಂದೆ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟ; ಇಳಿದರೆ ಸಮುದ್ರ. ಎಡಕ್ಕೂ ಬಲಕ್ಕೂ ಖಾನಾಪುರ ತಾಲೂಕಿನ ಮಲೆಗಳು ಹಸಿರಾಗಿ ಸರಿದುಹೋಗುತ್ತವೆ. ಹಿಂದಿನ ಆಸನದಲ್ಲಿ ಮಕ್ಕಳು ನಿದ್ರೆ ಮಾಡುತ್ತಿರುತ್ತಾರೆ. ದೇಶಾಂತರದ ಬೆಟ್ಟಗಳನ್ನು ನೋಡಲು ವೀಸಾಕ್ಕೆ ಸರದಿಯಲ್ಲಿ ನಿಲ್ಲುವ ಜನ ಸ್ವಂತ ರಾಜ್ಯದ ಬೆಟ್ಟಗಳನ್ನು ಕಾರಿನ ಗಾಜಿನಲ್ಲಿ ನೋಡಿ ಮುಗಿಸುವುದು ಈ ಕಾಲದ ವಿಚಿತ್ರಗಳಲ್ಲಿ ಒಂದು.

ಅಂಥದೇ ಒಂದು ಕುಟುಂಬ 2025ರ ದಸರೆಯ ರಜೆಯಲ್ಲಿ ಬೆಂಗಳೂರಿನಿಂದ ಹೊರಟಿತು. ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು ಮತ್ತು ಎಪ್ಪತ್ತು ದಾಟಿದ ತಾಯಿ. ಗೋವೆಯಲ್ಲಿ ಕೋಣೆಗಳನ್ನು ಕಾದಿರಿಸಿ ಆಗಿತ್ತು. ಹೊರಡುವ ಹಿಂದಿನ ರಾತ್ರಿ ತಾಯಿ ತಮ್ಮ ಷರತ್ತನ್ನು ಮುಂದಿಟ್ಟರು: ಮೊದಲು ಮೂರು ದಿನ ಕಾಕತಿ, ಖಾನಾಪುರ, ಆಮೇಲೆ ಗೋವೆ. ಕಾಕತಿ ಆಕೆಯ ತವರು. ಖಾನಾಪುರದ ಕಾಡಿನಂಚಿನ ಒಂದು ಪುಟ್ಟ ಹಳ್ಳಿಯಲ್ಲಿ 1976ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಆಕೆ ಮೊದಲ ಬಾರಿಗೆ ಶಾಲೆಯ ಹಲಗೆಯ ಮುಂದೆ ನಿಂತವರು. ಮೂರು ವರ್ಷ ಅಲ್ಲಿದ್ದು, ಮದುವೆಯಾಗಿ ಊರು ಬಿಟ್ಟ ಮೇಲೆ ಆ ಕಡೆಗೆ ಹೋಗಿರಲಿಲ್ಲ. ಭೀಮಗಡದ ಕಾಡಿನೊಳಗಿನ ಹಳ್ಳಿಗಳನ್ನು ಹೊರಗೆ ತರುವ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಬಂದಾಗಿನಿಂದ ಆಕೆಗೆ ನಿದ್ರೆ ಸರಿಯಾಗಿರಲಿಲ್ಲ.

“ಅಲ್ಲವ್ವಾ, ಬರೂ ಮುಂದ ನೋಡಿದರ ಆಗೂದಿಲ್ಲೇನು?” ಎಂದು ಮಗ ಕೇಳಿದ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ತಾಯಿಯೊಡನೆ ಮಾತಾಡುವಾಗ ಆತನ ನಾಲಿಗೆ ಕಾಕತಿಗೇ ಹೋಗುತ್ತಿತ್ತು.

“ಸಮುದ್ರ ಎಲ್ಲಿಗೂ ಹೋಗಂಗಿಲ್ಲಪಾ. ನನ್ನ ಶಾಲಿ ಹೋಗೂದೈತಿ,” ಎಂದರು ತಾಯಿ. ಆ ಮಾತಿಗೆ ಮರುಮಾತಿರಲಿಲ್ಲ.

ದಾರಿಯಲ್ಲಿ ಕಿತ್ತೂರು. ಅರಮನೆಯ ಪಾಳುಗೋಡೆಗಳ ನಡುವೆ ಮೊಮ್ಮಗಳು ತನ್ನ ಪಾಠದಲ್ಲಿ ಓದಿದ್ದನ್ನು ಒಪ್ಪಿಸಿದಳು: 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟದ್ದು, 1829ರ ಫೆಬ್ರುವರಿಯಲ್ಲಿ ಅಲ್ಲೇ ಆಕೆಯ ಪ್ರಾಣ ಹೋದದ್ದು. ತನ್ನ ನಲವತ್ತಾರನೆಯ ಹುಟ್ಟುಹಬ್ಬದ ದಿನವೇ ರಾಣಿ ಆ ಕಾಳಗವನ್ನು ಗೆದ್ದಳೆಂಬ ಲೆಕ್ಕ ಮಾತ್ರ ಪಾಠದಲ್ಲಿರಲಿಲ್ಲ; ಅದನ್ನು ಅಜ್ಜಿ ಹೇಳಬೇಕಾಯಿತು. ಕಿತ್ತೂರಿಗೆ ಹತ್ತಿರದ ದೇಗಾಂವಿಯಲ್ಲಿ ಇನ್ನೊಬ್ಬ ರಾಣಿಯ ಗುರುತಿದೆ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಮಡದಿ ಕಮಲಾದೇವಿ 1174ರ ಹೊತ್ತಿಗೆ ಕಟ್ಟಿಸಿದ ಕಮಲನಾರಾಯಣ ದೇವಾಲಯ ಅದು. ಮೂರು ಗರ್ಭಗುಡಿಗಳು ಒಂದೇ ಸಾಲಿನಲ್ಲಿವೆ; ಕಂಬಗಳ ಕಡೆತ ಕಣ್ಣು ಕೀಳಗೊಡದು. ಗೋವೆಗೆ ಹೋಗುವ ಅವಸರದಲ್ಲಿದ್ದವರು ಗೋವೆಯ ಅರಸರನ್ನು ಇಲ್ಲಿಯೇ ಭೇಟಿಯಾದಂತಾಯಿತು ಎಂದು ಸೊಸೆ ನಕ್ಕಳು.

ಕಿತ್ತೂರಿನಿಂದ ಕಾಕತಿಗೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಚೆನ್ನಮ್ಮ ಮದುವೆಯ ದಿಬ್ಬಣದಲ್ಲಿ ಹೋದ ದಾರಿಯನ್ನೇ ಇವರು ಹಿಮ್ಮುಖವಾಗಿ ಬಂದರೆನ್ನಬಹುದು. ತವರಿನಲ್ಲಿ ತಾಯಿಯ ತಮ್ಮನ ಮನೆ. ಊರೂಟ, ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇದರ ವರ್ಣನೆಗೆ ಕುಳಿತರೆ ಓದುಗರ ಹಸಿವಿಗೆ ಲೇಖನವೇ ಹೊಣೆಯಾದೀತು. ಬೆಳಗ್ಗೆ ಮೊಮ್ಮಗಳು ಮಾವನ ಮಕ್ಕಳೊಡನೆ ಗುಡ್ಡವೇರಿ ಬಂದಳು. ಪಶ್ಚಿಮಕ್ಕೆ ನೀಲಿಯ ಮೇಲೆ ನೀಲಿಯಾಗಿ ಬೆಟ್ಟಗಳ ಸಾಲು ಕಂಡಿತೆಂದೂ, ಅದರ ಮೇಲೆ ಮೋಡ ಕುಳಿತಿತ್ತೆಂದೂ ವರದಿಯೊಪ್ಪಿಸಿದಳು. “ಅಲ್ಲೇ ಹೋಗೂದು ನಾವು,” ಎಂದರು ಅಜ್ಜಿ.

ಬೆಳಗಾವಿಯ ಕೋಟೆಯನ್ನು ಅರ್ಧ ದಿನದಲ್ಲಿ ನೋಡಿದರು. ರಟ್ಟರ ಕಾಲದ ಕಮಲ ಬಸದಿಯ ಛಾವಣಿಯಿಂದ ತೂಗುವ ಕಲ್ಲಿನ ತಾವರೆ, ಅಸದ್ ಖಾನನ ಮಸೀದಿ, 1892ರಲ್ಲಿ ಬೆಳಗಾವಿಗೆ ಬಂದಿದ್ದ ವಿವೇಕಾನಂದರ ನೆನಪಿನ ಆಶ್ರಮ, ಎಲ್ಲವೂ ಒಂದೇ ಕಂದಕದ ಒಳಗೆ. ಊರಿನ ಇನ್ನೊಂದು ಬದಿಗೆ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದ ಸ್ಥಳ. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಇವೆಲ್ಲ ಪುಸ್ತಕಗಳಲ್ಲಿ ಸಿಗುವ ಸಂಗತಿಗಳು. ಪುಸ್ತಕಗಳಲ್ಲಿ ಸಿಗದ ಸಂಗತಿ ಮಂಡಿಗೆ.

ಕುಂದಾದ ಕೀರ್ತಿ ಲೋಕಕ್ಕೆಲ್ಲ ಗೊತ್ತು. ಹಾಲನ್ನು ಕುದಿಸಿ ಕುದಿಸಿ ಬತ್ತಿಸಿ, ಮೊಸರು ಹಾಕಿ ಒಡೆಸಿ, ಸಕ್ಕರೆಯೊಡನೆ ಕಂದು ಬಣ್ಣಕ್ಕೆ ಬರುವವರೆಗೆ ಕೈಬಿಡದೆ ಮಗುಚಿದರೆ ಆ ಹರಳುಹರಳಾದ ಸಿಹಿ ಸಿದ್ಧವಾಗುತ್ತದೆ. ಒಲೆಯ ಮೇಲೆ ಹಾಲನ್ನು ಮರೆತವನೊಬ್ಬನ ಮರೆವಿನಿಂದ ಅದು ಹುಟ್ಟಿತೆಂದು ಊರಿನಲ್ಲಿ ಕತೆಯಿದೆ, ಇದ್ದರೂ ಇರಬಹುದು. ಆದರೆ ಮಂಡಿಗೆ ಮರೆವಿನಿಂದ ಹುಟ್ಟುವ ಪದಾರ್ಥವಲ್ಲ. ನಯವಾದ ಹಿಟ್ಟನ್ನು ರಬ್ಬರಿನಂತೆ ಜಗ್ಗುವವರೆಗೆ ನಾದಬೇಕು. ಪುಡಿಸಕ್ಕರೆ, ಗಸಗಸೆ, ಏಲಕ್ಕಿ, ಖೋವಾ, ತುಪ್ಪದ ಹೂರಣ ತುಂಬಿ ಲಟ್ಟಿಸಬೇಕು. ಆಮೇಲೆ ಎರಡೂ ಮುಂಗೈಗಳ ಮೇಲೆ ಹೊರಳಿಸಿ ಹೊರಳಿಸಿ, ಅದರಾಚೆಯ ಬೆರಳು ಕಾಣುವಷ್ಟು ತೆಳ್ಳಗೆ ಹಿಗ್ಗಿಸಿ, ಒಲೆಯ ಮೇಲೆ ಬೋರಲು ಹಾಕಿದ ದೊಡ್ಡ ಕಾವಲಿಯ ಬೆನ್ನಿಗೆ ಹೊದಿಸಬೇಕು. ಬೇಯುವುದು ಕೆಲವೇ ಕ್ಷಣ. ಬಿಸಿಯಿರುವಾಗಲೇ ಅರಿವೆಯಂತೆ ಮಡಿಸದಿದ್ದರೆ ಮತ್ತೆ ಮಡಿಸಲಾಗದು, ಮುರಿಯುವುದು. ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಎಂಬ ಮಾತು ಕನ್ನಡದಲ್ಲಿ ಹುಟ್ಟಿದ್ದು ಸುಮ್ಮನಲ್ಲ. ನಿಜವಾದ ಮಂಡಿಗೆಯನ್ನು ಮಾಡುವ ಕಷ್ಟವನ್ನು ಕಂಡವರೇ ಅದನ್ನು ಹುಟ್ಟಿಸಿರಬೇಕು. ಒಂದು ಕಾಲಕ್ಕೆ ಮದುವೆಯ ಮನೆಗಳಲ್ಲಿ ಮಂಡಿಗೆಯಿಲ್ಲದ ಪಂಕ್ತಿಯಿರಲಿಲ್ಲ. ಈಗ ಮನೆಗಳಲ್ಲಿ ಮಾಡಬಲ್ಲ ಕೈಗಳು ವಿರಳ. ತಾಯಿ ಮಾಡುವವರ ಬಳಿ ನಿಂತು, ಇಪ್ಪತ್ತು ಮಂಡಿಗೆಗಳನ್ನು ತಗಡಿನ ಡಬ್ಬಿಯಲ್ಲಿ ಹತ್ತಿಯ ಬಟ್ಟೆ ಹಾಸಿ ಕಟ್ಟಿಸಿಕೊಂಡರು. ಅಷ್ಟೊಂದು ಯಾರಿಗೆಂದು ಸೊಸೆ ಕೇಳಲಿಲ್ಲ.

ಖಾನಾಪುರಕ್ಕೆ ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರ. ಬಯಲುಸೀಮೆಯ ಕಪ್ಪು ನೆಲ ಎಲ್ಲಿ ಮುಗಿಯಿತು, ಕೆಂಪು ಮಣ್ಣು ಎಲ್ಲಿ ಹಿಡಿಯಿತು ಎಂಬುದು ತಿಳಿಯುವುದರೊಳಗೆ ಜೋಳ ಹೋಗಿ ಭತ್ತ ಬಂದಿರುತ್ತದೆ. ಈ ಮಣ್ಣು ಹೆಸರಾದದ್ದು. ಹಂಚಿನ ಕಾರಖಾನೆಗಳು, ಕುಂಬಾರಿಕೆ, ಕುಂಬಾರಿಕೆಯನ್ನು ಕಲಿಸುವ ಸಂಸ್ಥೆ ಇಲ್ಲಿ ನೆಲೆಯೂರಿದ್ದು ಇದೇ ಮಣ್ಣಿನ ದೆಸೆಯಿಂದ. ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ತುಸು ದೂರದ ಅಸೋಗದಲ್ಲಿ ರಾಮಲಿಂಗೇಶ್ವರನ ಕಾಲ ಬಳಿ ಬಂಡೆಗಳ ನಡುವೆ ಅವಳ ಆಟ ನೋಡುವಂಥದು.

ಅಲ್ಲಿಂದ ಹಲಸಿ. ಬಸ್ಸು ನಿಲ್ಲುವ ಕಟ್ಟೆ, ನಾಲ್ಕು ಅಂಗಡಿ, ಹೊಲಗಳು; ಒಂದು ಸಾಮಾನ್ಯ ಹಳ್ಳಿಯೆಂದೇ ಯಾರಾದರೂ ಭಾವಿಸಿಯಾರು. ಇದೇ ಬನವಾಸಿಯ ಕದಂಬರ ಎರಡನೆಯ ರಾಜಧಾನಿ ಪಲಾಶಿಕಾ. ಇಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು ಯುವರಾಜ ಕಾಕುಸ್ಥವರ್ಮನದು. ತನ್ನ ಪ್ರಾಣವನ್ನು ಉಳಿಸಿದ ಶ್ರುತಕೀರ್ತಿಯೆಂಬ ಸೇನಾಪತಿಗೆ ಆತ ಭೂಮಿಯನ್ನು ಕೊಟ್ಟದ್ದಕ್ಕೆ ಅದು ಪತ್ರ. ಹದಿನೈದು ಶತಮಾನಗಳ ಮೇಲೂ ಆ ಪತ್ರ ಉಳಿದಿದೆ. ಭೂಮಿ ಯಾರ ಕೈಯಲ್ಲಿದೆಯೋ! ಮುಂದಿನ ಅರಸ ಮೃಗೇಶವರ್ಮ ತನ್ನ ತಂದೆಯ ಹೆಸರಿನಲ್ಲಿ ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ. ಈಗ ನಿಂತಿರುವ ಭೂವರಾಹ ನರಸಿಂಹ ದೇವಾಲಯ ಗೋವೆಯ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನದ್ದು. ಎರಡು ಗರ್ಭಗುಡಿಗಳು ಒಂದಕ್ಕೊಂದು ಮುಖ ಮಾಡಿವೆ. ಒಂದು ಕಡೆ ಭೂದೇವಿಯನ್ನೆತ್ತಿದ ವರಾಹ, ಎದುರಿಗೆ ಶಾಂತನಾಗಿ ಕುಳಿತ ವಿಷ್ಣು ಮತ್ತು ನರಸಿಂಹ. ನಡುವಿನ ಮಂಟಪದಲ್ಲಿ ನಿಂತವನಿಗೆ ಎರಡು ಕಡೆಯಿಂದಲೂ ದೇವರ ದೃಷ್ಟಿ ಬೀಳುತ್ತದೆ, ತಪ್ಪಿಸಿಕೊಳ್ಳುವ ಉಪಾಯವಿಲ್ಲ. ತಾಯಿ ಅಲ್ಲಿ ಬಹಳ ಹೊತ್ತು ಕುಳಿತರು.

ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ. 1831ರ ಜನವರಿ 26ರಂದು ಆತನನ್ನು ಇಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಆಲದ ಮರಕ್ಕೆ ಹರಕೆಯ ತೊಟ್ಟಿಲುಗಳು ತೂಗುತ್ತಿದ್ದವು. ತಮಗೆ ಅಂಥ ಮಗ ಹುಟ್ಟಲೆಂದು ಬೇಡಿಕೊಳ್ಳುವವರು ಕಟ್ಟಿದವು. ಅಂಥ ಮಗನಿಗೆ ಬಂದ ಅಂತ್ಯವನ್ನು ತಿಳಿದೂ ತಾಯಂದಿರು ಬೇಡಿಕೊಳ್ಳುತ್ತಾರೆಂಬುದನ್ನು ಯೋಚಿಸಿದರೆ ಮೈ ಜುಮ್ಮೆನ್ನುವುದು.

ಮಗನ ಬಾಯಲ್ಲಿ ಸ್ಪೇಯಿನ್ ಬಂದದ್ದು ನಂದಗಡದ ಚಹದ ಅಂಗಡಿಯಲ್ಲಿ. ಕಚೇರಿಯ ಕೆಲಸದ ಮೇಲೆ ಹಿಂದೊಮ್ಮೆ ಆ ದೇಶಕ್ಕೆ ಹೋದಾಗ ಉತ್ತರದ ಅಸ್ತೂರಿಯಾಸ್ ಎಂಬ ಗುಡ್ಡಗಾಡು ಸೀಮೆಯನ್ನು ಆತ ನೋಡಿ ಬಂದಿದ್ದ. ಎಂಟನೆಯ ಶತಮಾನದಲ್ಲಿ ಪೆಲಾಯೋ ಎಂಬ ನಾಯಕ ಅಲ್ಲಿಯ ಕೋವಾದೋಂಗಾ ಕಣಿವೆಯಲ್ಲಿ ದೊಡ್ಡ ಸೈನ್ಯವೊಂದನ್ನು ಹಿಮ್ಮೆಟ್ಟಿಸಿದನಂತೆ. ಅವನ ಸಮಾಧಿ ಇರುವ ಗವಿಗೆ ಇಡೀ ದೇಶ ಯಾತ್ರೆ ಹೋಗುತ್ತದೆ. ಸುತ್ತಲಿನ ಬೆಟ್ಟಗಳನ್ನು 1918ರಲ್ಲಿಯೇ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಸ್ಪೇಯಿನ್ನಿಗೆ ಅದು ಮೊದಲನೆಯದು. ಅಲ್ಲಿಯ ದನಗಾಹಿಗಳು ಹಾಲಿನಿಂದ ಗಿಣ್ಣದಂಥ ಗಡ್ಡೆ ಮಾಡಿ ಸುಣ್ಣಕಲ್ಲಿನ ಗವಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಹಣ್ಣು ಮಾಡುತ್ತಾರೆ. ನೀಲಿ ಬೂಷ್ಟು ಹಿಡಿದ ಮೇಲೆಯೇ ಅದಕ್ಕೆ ಬೆಲೆ. “ಗುಡ್ಡ, ಗವಿ, ಹಾಲು, ಕತ್ತಿ ಹಿಡದಾಂವನ ಸಮಾಧಿ,” ಎಂದು ತಾಯಿ ಬೆರಳು ಮಡಿಸಿದರು. “ನಂದಗಡದಾಗ ಕುಂತು ಇದನ್ನ ನೀ ನನಗ ಹೇಳಾಕತ್ತೀಯಲ್ಲೋ!” ಗವಿಗಳ ವಿಷಯದಲ್ಲಿಯೂ ಆಕೆಯ ಮಾತು ಹುಸಿಯಲ್ಲ. ಭೀಮಗಡದ ಬಾರಾಪೇಡೆ ಗವಿಗಳಲ್ಲಿ ವಾಸಿಸುವ ರಾಟನ್ನನ ಬಾವಲಿಗೆ ಶಾಸ್ತ್ರಜ್ಞರು 1913ರಲ್ಲಿ ಹೆಸರಿಟ್ಟರು. ಮುಂದೆ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಕಾಣುವವರೆಗೆ ಜಗತ್ತಿನಲ್ಲಿ ಅದರ ಮನೆ ಇದೊಂದೇ ಎಂದು ತಿಳಿಯಲಾಗಿತ್ತು.

ಮೂರನೆಯ ದಿನ ಹೆಮ್ಮಡಗಾ. ಭೀಮಗಡ ಅಭಯಾರಣ್ಯ ಸಾರಲ್ಪಟ್ಟದ್ದು 2011ರ ಡಿಸೆಂಬರಿನಲ್ಲಿ. 190 ಚದರ ಕಿಲೋಮೀಟರಿನ ಮಳೆಕಾಡು. ಮಹಾದಾಯಿ ಹುಟ್ಟುವುದು ಈ ಮಡಿಲಿನಲ್ಲಿಯೇ. ತಪಾಸಣೆಯ ಕಟ್ಟೆಯಲ್ಲಿ ಹೆಸರು ಬರೆಸಿದ ಮೇಲೆ ರಸ್ತೆಯ ಎರಡು ಬದಿಯೂ ಮರಗಳು ಕೈ ಕೈ ಹಿಡಿದವು. ಮಳೆ ಇನ್ನೂ ಪೂರಾ ಹಿಂದೆಗೆದಿರಲಿಲ್ಲ. ಕಾರು ಹೋಗುವಷ್ಟು ಹೋಗಿ ನಿಂತಿತು. ಅಲ್ಲಿಂದ ಮುಂದಿನದು ಕೆಸರು. ಒಬ್ಬ ಗೃಹಸ್ಥ ಮೋಟಾರ್ ಸೈಕಲ್ಲಿನೊಂದಿಗೆ ಕಾದಿದ್ದ. ಐವತ್ತು ದಾಟಿದ ಗೌಳಿ, ತಲೆಗೆ ಟುವಾಲು. ತಾಯಿಯ ಕಾಲಿಗೆ ಬಗ್ಗಿ, “ಬಾಯಿ, ಬರ್ರಿ,” ಎಂದ. ಮರಾಠಿ ಶಾಲೆಯ ಮಕ್ಕಳು ಗುರುಗಳನ್ನು ಕರೆಯುವ ಹೆಸರು ಅದು. ಎರಡೂ ಭಾಷೆ ಬಲ್ಲ ಕಾಕತಿಯ ಹುಡುಗಿಯನ್ನು ಆ ಕಾಲದಲ್ಲಿ ಇಲ್ಲಿಯ ಏಕೋಪಾಧ್ಯಾಯ ಮರಾಠಿ ಶಾಲೆಗೆ ಹಾಕಿದ್ದರು. ಈತ ಆಕೆಯ ಮೊದಲ ವರ್ಷದ ಒಂದನೆಯ ಇಯತ್ತೆ. ತಾಯಿ ಅವನ ಹಿಂದೆ ಕುಳಿತು ಹೋದರು. ಉಳಿದವರು ಜಿಗಣೆಗಳಿಗೆ ಅಂಜುತ್ತ ನಡೆದರು.

ಹಳ್ಳಿಯೆಂದರೆ ಮೂವತ್ತು ಮನೆಗಳೂ ಇಲ್ಲ. ಕೆಂಪು ಹಂಚು, ಸೆಗಣಿ ಸಾರಿಸಿದ ಅಂಗಳ, ಕೊಟ್ಟಿಗೆಯ ಎಮ್ಮೆಗಳು, ಅಂಚಿನ ಗದ್ದೆಗಳಲ್ಲಿ ತೆನೆ ಕಟ್ಟುತ್ತಿದ್ದ ಭತ್ತ. ಶಾಲೆಯ ಕೋಣೆ ಹೊಸದಾಗಿತ್ತು. ಹಳೆಯದರ ಕಲ್ಲಿನ ಮೆಟ್ಟಿಲು ಮಾತ್ರ ಉಳಿದಿತ್ತು. ತಾಯಿ ಆ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯನ್ನು ತೆರೆದರು. ಇಪ್ಪತ್ತರಲ್ಲಿ ಹದಿನೇಳು ಮುರಿದಿದ್ದವು. ಮಕ್ಕಳಿಗೆ ಅದರಿಂದ ಯಾವ ಕೊರತೆಯೂ ತೋರಲಿಲ್ಲ.

ಊಟಕ್ಕೆ ನಾಚಣಿಯ ರೊಟ್ಟಿ, ಕೆಂಪಕ್ಕಿಯ ಅನ್ನ, ಹುರಳಿಯ ಸಾರು, ಸೌತೆಕಾಯಿ, ಮೇಲೆ ಧಾರೆಯಾಗಿ ತುಪ್ಪ ಮತ್ತು ಮಜ್ಜಿಗೆ. ತುಪ್ಪದ ವಾಸನೆಗೆ ಸೊಸೆ ತನ್ನ ವೈದ್ಯರ ಉಪದೇಶವನ್ನೆಲ್ಲ ಮರೆತಳು. ಉಣ್ಣುತ್ತಿದ್ದಂತೆ ಮಾತು ಬರಬೇಕಾದಲ್ಲಿಗೇ ಬಂತು. 2025ರ ಮೇ ತಿಂಗಳಲ್ಲಿ ತಳೇವಾಡಿಯ ಕುಟುಂಬಗಳಿಗೆ ಪರಿಹಾರದ ಚೆಕ್ಕುಗಳನ್ನು ಕೊಟ್ಟಾಗಿತ್ತು. ಕಾಡು ಬಿಟ್ಟು ಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂಬ ಮಾತು ಸುತ್ತಲ ಹಳ್ಳಿಗಳಲ್ಲೆಲ್ಲ ಹಬ್ಬಿತ್ತು. ಈ ಊರಲ್ಲಿ ಕೆಲವರು ಹೂಂ ಎಂದಿದ್ದಾರೆ, ಕೆಲವರು ಊಹೂಂ ಎಂದಿದ್ದಾರೆ. ಈತ ಇನ್ನೂ ಏನೂ ಎಂದಿಲ್ಲ.

“ಹೋದರ ಎಮ್ಮಿ ಎಲ್ಲಿ ಮೇಯಸೂದ್ರಿ, ಬಾಯಿ? ಹೋಗಲಿಲ್ಲಂದರ ಸೊಸಿ ಹೆರಿಗಿಗೆ ಎಲ್ಲಿ ಹೋಗೂದು?” ಮಳೆಗಾಲದಲ್ಲಿ ಬೇನೆ ಬಂದವರನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ಹಳ್ಳ ದಾಟಿಸುವುದು ಇಲ್ಲಿ ಇಂದಿಗೂ ನಡೆದಿದೆ. ಅಭಯಾರಣ್ಯದೊಳಗೆ ಡಾಂಬರು ಹಾಕಲು ಕಾನೂನು ಸುಲಭವಾಗಿ ಬಿಡದು. ಮಗ ಬೆಳಗಾವಿಯಲ್ಲಿ ಟೆಂಪೋ ಓಡಿಸುತ್ತಾನೆ. ಹಣ ಬಂದರೆ ಖಾನಾಪುರದಲ್ಲಿ ಮನೆ ಕಟ್ಟೋಣವೆನ್ನುತ್ತಾನೆ. ಹೆಂಡತಿಗೆ ದೇವರ ಬನವನ್ನು ಬಿಟ್ಟು ಹೋಗುವ ಮನಸ್ಸಿಲ್ಲ.

ಆಗ ಬೆಂಗಳೂರಿನ ಮಗ ಬುಲ್ನೆಸ್ ಎಂಬ ಊರಿನ ಸಂಗತಿಯನ್ನು ತೆಗೆದ. ಅದೇ ಅಸ್ತೂರಿಯಾಸಿನ ಉದ್ಯಾನದೊಳಗೆ ಹಳ್ಳಿಗಳನ್ನು ಉಳಿಸಿಕೊಂಡಿದ್ದಾರೆ. ಬುಲ್ನೆಸ್ಸಿಗೆ ರಸ್ತೆಯೇ ಇರಲಿಲ್ಲ, ಕಡಿದಾದ ಕಾಲುದಾರಿಯೊಂದೇ. ರಸ್ತೆ ಮಾಡಿದರೆ ಬೆಟ್ಟ ಕೆಡುವುದೆಂದು, ಬೆಟ್ಟದ ಹೊಟ್ಟೆಯೊಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು, ಹಗ್ಗದಿಂದೆಳೆಯುವ ರೈಲನ್ನು 2001ರಲ್ಲಿ ಓಡಿಸಿದರು. ಪ್ರವಾಸಿಗಳು ಹಣ ಕೊಟ್ಟು ಹತ್ತುತ್ತಾರೆ, ಊರಿನವರಿಗೆ ಪುಕ್ಕಟೆ.

ಗೌಳಿ ಗಮನವಿಟ್ಟು ಕೇಳಿದ. “ಅಲ್ಲೆ ಹುಲಿ ಅದಾವೇನ್ರಿ?”

“ಹುಲಿ ಇಲ್ಲ. ಕರಡಿ, ತೋಳ ಇದ್ದಾವ.”

“ಕರಡಿ ಇಲ್ಲೂ ಅದಾವ,” ಎಂದು ಆತ ನಕ್ಕ. “ಸುರಂಗ ಇಲ್ಲ ನೋಡ್ರಿ.”

ಆ ಊರಿನ ಮಳೆ ಬೇರೆ, ಈ ಊರಿನ ಮಳೆ ಬೇರೆ; ಆನೆಯ ದಾರಿ, ಹುಲಿಯ ಹೆಜ್ಜೆ ಅಲ್ಲಿಲ್ಲ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ. ಕಾಡನ್ನು ಬಿಟ್ಟು ಬರುವವರೇ ಇಲ್ಲದಿದ್ದರೆ ಮಹಾದಾಯಿಯ ನೀರು ಹೀಗೇ ಉಳಿಯುವುದೆಂದು ಹೇಳಲಾಗದು. ಬಂದವರ ಮೇಲೆ ಪಟ್ಟಣ ದಯೆ ತೋರುವುದೆಂದೂ ಹೇಳಲಾಗದು. ಆದರೂ ಗೌಳಿಯ ನಗೆಯ ಮುಂದೆ ಮಗನಿಗೆ ತುತ್ತು ತುಸು ಹೊತ್ತು ಕೈಯಲ್ಲೇ ನಿಂತಿತು.

ಊಟವಾದ ಮೇಲೆ ಆತ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ತಂದ. ಒಪ್ಪಿಗೆಯ ಪತ್ರ, ನಿಬಂಧನೆಗಳು, ಎಲ್ಲವೂ ಕನ್ನಡದಲ್ಲಿ. ಆತನಿಗೆ ಕನ್ನಡ ಮಾತಾಡಲು ಬರುತ್ತದೆ. ಓದಲು ಬರುವುದು ಮರಾಠಿ ಮಾತ್ರ. “ಬಾಯಿ, ಸಹಿ ನೀವ ಕಲಿಸಿದ್ರಿ. ಮಾಡ್ಲೇನು?”

ತಾಯಿ ಕನ್ನಡಕ ಹಾಕಿಕೊಂಡರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಓದಿ, ಪ್ರತಿಯೊಂದನ್ನೂ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಹಣ ಎಷ್ಟು ಕಂತಿನಲ್ಲಿ ಬರುತ್ತದೆ, ಯಾವಾಗ ಬರುತ್ತದೆ, ಹೊರಟ ಮೇಲೆ ಗದ್ದೆಯ ಹಕ್ಕು ಏನಾಗುತ್ತದೆ, ಬೇರೆ ಮನೆ ಮಾಡಿಕೊಂಡ ಮಗನನ್ನು ಬೇರೆ ಕುಟುಂಬವೆಂದು ಎಣಿಸುತ್ತಾರೆಯೇ; ತಿಳಿಯದ ಮೂರು ಕಡೆ ಪೆನ್ಸಿಲಿನಿಂದ ಗುರುತು ಹಾಕಿದರು. ಅಷ್ಟರಲ್ಲಿ ಅಂಗಳದ ತುಂಬ ಜನ ಸೇರಿತ್ತು. ಎರಡು ತಾಸಿಗೂ ಮೇಲಾಯಿತು. ಮೊಮ್ಮಗಳು ಮೆಟ್ಟಿಲ ಮೇಲೆ ಕುಳಿತು, ಮನೆಯಲ್ಲಿ ಬೇಳೆ ಆರಿಸುತ್ತಿದ್ದ ಅಜ್ಜಿಯನ್ನು ಇದೇ ಮೊದಲ ಬಾರಿಗೆ ಗುರುವಾಗಿ ನೋಡಿದಳು.

“ಓದಿ ಹೇಳೇನಿ,” ಎಂದರು ತಾಯಿ, ಕಾಗದವನ್ನು ಮಡಿಸಿ ಕೊಡುತ್ತ. “ಸಹಿ ನಿಂದು. ಈ ಮೂರು ಮಾತು ಸಾಹೇಬರನ್ನ ಕೇಳಿದ ಮ್ಯಾಲೆ ನೋಡು.”

“ಸೋಮವಾರ ಸಭಾ ಐತ್ರಿ, ಬಾಯಿ. ನೀವು ಇದ್ದರ…” ಎಂದು ಆತ ಅಷ್ಟಕ್ಕೇ ನಿಲ್ಲಿಸಿದ. ಹೊರಡುವಾಗ ಆತನ ಹೆಂಡತಿ ತುಪ್ಪದ ತಂಬಿಗೆಯನ್ನು ಮಂಡಿಗೆಯ ಬರಿ ಡಬ್ಬಿಯೊಳಗಿಟ್ಟು ಮೊಮ್ಮಗಳ ಕೈಗೆ ಕೊಟ್ಟಳು.

ಮರುದಿನ ಬೆಳಗ್ಗೆ ಕಾರು ಜಾಂಬೋಟಿಯ ಮೇಲಿಂದ ಕಣಕುಂಬಿಗೆ ಬಂತು. ಮಾವುಲಿ ದೇವಿಯ ಗುಡಿಯ ಹತ್ತಿರ, ಸಮುದ್ರಮಟ್ಟದಿಂದ ಸುಮಾರು ಎಂಟು ನೂರು ಮೀಟರು ಎತ್ತರದಲ್ಲಿ, ಮಲಪ್ರಭೆಯ ಮೂಲ. ಕಲ್ಲು ಕಟ್ಟಿದ ಒಂದು ಕುಂಡ. ಬೊಗಸೆಯಲ್ಲಿ ಹಿಡಿಯಬಹುದಾದಷ್ಟು ಹೊಳೆ. ಇದೇ ನೀರು ಖಾನಾಪುರ, ಸವದತ್ತಿ, ಪಟ್ಟದಕಲ್ಲು, ಐಹೊಳೆಗಳನ್ನು ಕಂಡು ಮುನ್ನೂರು ಕಿಲೋಮೀಟರಿನಾಚೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹತ್ತಿರದ ದಿಬ್ಬದಾಚೆ ಬಿದ್ದ ಮಳೆ ಮಹಾದಾಯಿಯ ಪಾಲಾಗಿ, ಗೋವೆಯಲ್ಲಿ ಮಾಂಡೋವಿಯೆನಿಸಿಕೊಂಡು ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಈ ಸೆರಗಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ದಾಖಲಾಗಿತ್ತು. ಇದೇ ಹೊಳೆಯ ಕೆಳದಂಡೆಯ ಸವದತ್ತಿಯಲ್ಲಿ ಆರು ನೂರು ಬಿದ್ದರೆ ಒಳ್ಳೆಯ ವರ್ಷ. ಆಚೆಯ ನೀರನ್ನು ಈಚೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ಬಯಲಿನ ರೈತರು ದಶಕಗಳಿಂದ ಹೋರಾಡಿದ್ದಾರೆ; 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು, ಗೋವೆ ಅದನ್ನು ಒಪ್ಪದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕುಂಡದ ನೀರಿನಲ್ಲಿ ಇದಾವುದರ ಕಲಕೂ ಕಾಣಲಿಲ್ಲ.

ಕಾರಿನ ಬಳಿಗೆ ಬಂದಾಗ ತಾಯಿ ಹಿಂದಿನ ಬಾಗಿಲು ತೆರೆದು ತಮ್ಮ ಚೀಲವನ್ನು ಕೆಳಗಿಳಿಸಿದರು.

“ನೀವು ಗೋವಾಕ್ಕ ನಡೀರಿ. ನಾ ಸೋಮವಾರ ತನಕ ಖಾನಾಪುರದಾಗಿರತೇನಿ.”

ಮಗ ಏನೋ ಹೇಳಬೇಕೆಂದು ಬಾಯಿ ತೆರೆದ. ಸೊಸೆ ಅವನ ತೋಳನ್ನು ಮೆಲ್ಲನೆ ಮುಟ್ಟಿದಳು. ಅಷ್ಟರಲ್ಲಿ ಮೊಮ್ಮಗಳು ತನ್ನ ಚೀಲವನ್ನೂ ತುಪ್ಪದ ಡಬ್ಬಿಯನ್ನೂ ಎತ್ತಿಕೊಂಡು ಅಜ್ಜಿಯ ಪಕ್ಕದಲ್ಲಿ ನಿಂತಾಗಿತ್ತು. ಸಮುದ್ರವನ್ನು ಇನ್ನೊಮ್ಮೆ ನೋಡುವುದಾಗಿ ಆಕೆ ಅಪ್ಪನಿಗೆ ಸಮಾಧಾನ ಹೇಳಿದಳು.

ಜಾಂಬೋಟಿಯ ಕಡೆಗೆ ಹೋಗುವ ಕೆಂಪು ಬಸ್ಸು ಅರ್ಧ ತಾಸಿನಲ್ಲಿ ಬಂತು. ನಿರ್ವಾಹಕ ಇಬ್ಬರ ಆಧಾರ್ ಕಾರ್ಡುಗಳನ್ನು ನೋಡಿ ಎರಡು ಚೀಟಿ ಹರಿದು ಕೊಟ್ಟ. 2023ರ ಜೂನ್ ತಿಂಗಳಿಂದ ರಾಜ್ಯದ ಬಸ್ಸುಗಳಲ್ಲಿ ಹೆಂಗಸರಿಗೆ ಹಣವಿಲ್ಲ. ಚೀಟಿಯ ಮೇಲೆ ಸೊನ್ನೆಯಿತ್ತು. ಮೊಮ್ಮಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಜ್ಜೀ, ಆ ಬೆಟ್ಟದೊಳಗಿನ ರೈಲಿನ ಹಾಗೇ ಇದೂ ಪುಕ್ಕಟೆ!” ಎಂದಳು.

“ಆ ಊರಿಗೆ ಇದು ಬರೂದಿಲ್ಲ, ಅವ್ವೀ,” ಎಂದರು ಅಜ್ಜಿ. ಚೀಲದಿಂದ ಪೆನ್ಸಿಲು ತೆಗೆದು, ಸೋಮವಾರ ಕೇಳಬೇಕಾದ ನಾಲ್ಕನೆಯ ಮಾತನ್ನು ಆ ಚೀಟಿಯ ಹಿಂದೆಯೇ ಬರೆದುಕೊಂಡರು.